ನನ್ನ ಚಾಕುವಿಗೆ ಆಯುಧಪೂಜೆ

ನನ್ನ ಅಮ್ಮ ಚಾಕುವನ್ನು ಯಾರ ಕೈಗೂ ಕೊಡುವುದಿಲ್ಲ. ಕೇಳಿದರೆ ಅಡುಗೆಕಟ್ಟೆಯ ಕಲ್ಲಿನ ಮೇಲೆ ಟಣ್ಣನೆ ಇಡುತ್ತಾಳೆ, ನಾವೇ ಎತ್ತಿಕೊಳ್ಳಬೇಕು. "ಕೈಯಿಂದ ಕೈಗೆ ಕೊಟ್ರೆ ಜಗಳ ಆಗ್ತದೆ ಮಗಾ."

ಅಡುಗೆ ಕೋರ್ಸ್ ಮುಗಿಸಿ ನಾನು ಕೊಂಡ ಒಳ್ಳೆಯ ಚಾಕುವಿಗೂ ಅದೇ ಟಣ್. ಒಂದು ಹನಿ ನೀರು ನಿಂತರೂ ತುಕ್ಕು ಹಿಡಿಯುವ ಉಕ್ಕು ಅದು. ತೊಳೆದ ಕೂಡಲೇ ಒರೆಸಬೇಕು, ಮರದ ಮಣೆ ಬಿಟ್ಟು ಬೇರೆಲ್ಲೂ ತಾಗಿಸಬಾರದು. ದಸರೆಯ ದಿನ ವಾಶಿಯ ಹೋಟೆಲೊಂದರಲ್ಲಿ ನನಗೆ ಕೆಲಸದ ಟ್ರಯಲ್. ಅಲ್ಲಿನ ಶೆಫ್ ಮುಖಕ್ಕಿಂತ ಮೊದಲು ಚಾಕು ನೋಡುತ್ತಾರಂತೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಆ ಚಾಕುವಿಗೆ ವಾರಕ್ಕೊಂದು ಗಂಡಾಂತರ.

೧. ಅಪ್ಪನ ಸ್ಕ್ರೂ

ಅಪ್ಪ ಮಿಕ್ಸಿ ಬಿಚ್ಚುತ್ತಿದ್ದರು, ನನ್ನ ಚಾಕುವಿನ ಮೊನೆಯಿಂದ.

"ಅಪ್ಪಾ, ಸ್ಕ್ರೂಡ್ರೈವರ್ ಇಲ್ವಾ?"

"ಅದನ್ನು ಹುಡುಕ್ಬೇಕಲ್ಲ ಮಾರಾಯ್ತಿ! ಈ ಮನೆಯಲ್ಲಿ ಇಟ್ಟ ಜಾಗದಲ್ಲಿ ಇರುವುದು ನಿನ್ನ ಚಾಕು ಒಂದೇ."

೨. ಕಾಕುವಿನ ಉಪಕಾರ

ಪ್ರತಿ ಭಾನುವಾರ ಸಾಣೆಕಲ್ಲು ನೆನೆಸಿ, ಉಸಿರು ಬಿಗಿಹಿಡಿದು ನಾನು ಅದನ್ನು ಮಸೆಯುತ್ತೇನೆ. ಒಂದು ದಿನ ಸೈಕಲ್ಲಿನಲ್ಲಿ ಸಾಣೆಯವನು ಬಂದ. ಎದುರುಮನೆಯ ಮರಾಠಿ ಆಂಟಿ, ನಮ್ಮೆಲ್ಲರ ಕಾಕು, ತನ್ನ ಈಳಿಗೆಯ ಜೊತೆ ನಮ್ಮ ಅಡುಗೆಮನೆಯಿಂದ ನನ್ನ ಚಾಕುವನ್ನೂ ಒಯ್ದಳು. ನಾನು ಕೆಳಗೆ ಓಡುವಷ್ಟರಲ್ಲಿ ಕಿಡಿ ಹಾರಿ ಮುಗಿದಿತ್ತು. ಅಲಗಿನ ಅಗಲ ಎರಡು ನೂಲಿನಷ್ಟು ಸವೆದಿತ್ತು.

"ಬಘ್, ಕಶಿ ಚಮಕತೇ!" ಹೇಗೆ ಹೊಳೆಯುತ್ತಿದೆ ನೋಡು ಎಂದು ಕಾಕು ಹಿಗ್ಗಿದಳು.

ಹೇಳಬೇಕಾದ ಮಾತೆಲ್ಲ ಸಾಲಾಗಿ ನಿಂತಿತ್ತು. ಬಾಯಿಂದ ಹೊರಟದ್ದು ಮಾತ್ರ, "ಥ್ಯಾಂಕ್ಯೂ ಕಾಕು."

೩. ಪೂಜೆ

ಟ್ರಯಲ್‌ನ ಹಿಂದಿನ ದಿನ ಆಯುಧಪೂಜೆ. ಸಂಜೆ ನಾನು ಮನೆಗೆ ಬರುತ್ತಲೇ ಅಮ್ಮ ಕರೆದಳು. "ಯಾವಾಗಲೂ ಬೈತೀಯಲ್ಲ, ಇವತ್ತು ನೋಡು ಹೇಗೆ ನೋಡಿಕೊಂಡಿದ್ದೇನೆ!"

ದೇವರ ಮುಂದೆ ನನ್ನ ಚಾಕು. ತೊಳೆದಿದ್ದಾಳೆ, ಒರೆಸಿಲ್ಲ. ಮೇಲೆ ಅರಿಸಿನ, ಕುಂಕುಮ, ನೀರು ಸೋರುವ ದಾಸವಾಳ. ಮೊನೆಗೆ ಚುಚ್ಚಿದ ಲಿಂಬೆಹಣ್ಣು. ಪಕ್ಕದಲ್ಲಿ, ತಿಂಗಳುಗಟ್ಟಲೆ ಕಾಣೆಯಾಗಿದ್ದ ಸ್ಕ್ರೂಡ್ರೈವರ್.

"ಅಮ್ಮಾ, ತುಕ್ಕು ಹಿಡೀತದೆ! ಒರೆಸ್ತೇನೆ."

"ಛೇ, ಪೂಜೆಗೆ ಇಟ್ಟದ್ದನ್ನು ಬೆಳಿಗ್ಗೆವರೆಗೆ ಮುಟ್ಟಬಾರದು. ನಿನ್ನ ಕೆಲಸಕ್ಕೇ ಅಂತ ಮಾಡಿದ್ದು."

ಬೆಳಿಗ್ಗೆ ಕುಂಕುಮ ಹೋಯಿತು, ಕೆಂಪು ಹೋಗಲಿಲ್ಲ. ಲೋಕಲ್ ರೈಲಿಗೆ ಇಪ್ಪತ್ತು ನಿಮಿಷ ಇತ್ತು. ಹುಟ್ಟಿದಾಗಿನಿಂದ ಕೂಡಿಟ್ಟದ್ದನ್ನೆಲ್ಲ ಕಿರುಚಿದೆ: ಕಲ್ಲು, ಸ್ಕ್ರೂ, ಸಾಣೆ, ಲಿಂಬೆ. ಅಪ್ಪ ಸ್ಕ್ರೂಡ್ರೈವರ್ ಹಿಡಿದು ಬಾಲ್ಕನಿಗೆ ಹೋದರು. ಕಾಕು ಬಾಗಿಲು ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡಳು.

ಅಮ್ಮ ಚಾಕುವನ್ನು ತಿಕ್ಕಿದಳು, ತಿಕ್ಕಿದಳು, ಸೆರಗಿನಿಂದ ಒರೆಸಿದಳು, ಮೊದಲ ಸಲ ಒಣಗುವವರೆಗೂ ಒರೆಸಿದಳು. ಆಮೇಲೆ ಅವಳ ಕೈ ಅಭ್ಯಾಸದಂತೆ ಕಲ್ಲಿನ ಕಡೆಗೇ ಹೋಯಿತು.

"ಅಮ್ಮಾ, ಇವತ್ತೊಂದು ದಿನ ಕೈಗೇ ಕೊಡು. ಜಗಳ ಹೇಗೂ ಆಗಿದೆಯಲ್ಲ."