ನೀಲಿ ಟ್ರ್ಯಾಕ್ಟರಿಗೆ ನಾಲ್ಕು ನಿಂಬೆಹಣ್ಣು

ಕತ್ತರಿ ಕೈಗೆಟಕುವಷ್ಟು ಹತ್ತಿರವೇ ಇತ್ತು. ಆದರೆ ವಯಸ್ಸು ಐವತ್ತರ ಹತ್ತಿರ ಬಂದರೂ ಹಲ್ಲು ಗಟ್ಟಿ ಇವೆ ಎಂದು ಹೆಂಡತಿಗೆ ತೋರಿಸುವ ಚಟ ವೆಂಕೋಬನಿಗೆ. ಹಾಗಾಗಿ ಅಮಾವಾಸ್ಯೆಯ ಆ ಭಾನುವಾರ ಬೆಳಿಗ್ಗೆ ಅವನು 'ಚಿನ್ನದ ಗಿಣಿ' ಚಹಾಪುಡಿಯ ಹೊಸ ಪಾಕೀಟನ್ನು ಬಾಯಲ್ಲಿ ಕಚ್ಚಿ ಹರಿದ. ಅರ್ಧ ಪುಡಿ ನೆಲಕ್ಕೆ ಹೋಯಿತು, ಕಾಲು ಪುಡಿ ಅವನ ಬನಿಯನ್ನಿಗೆ ಹೋಯಿತು. ಉಳಿದದ್ದರ ಜೊತೆ ಹೆಬ್ಬೆಟ್ಟಿನಷ್ಟು ದೊಡ್ಡ ಆಟಿಕೆ ಟ್ರ್ಯಾಕ್ಟರೊಂದು ಟಣ್ಣನೆ ಪಾತ್ರೆಯೊಳಗೆ ಬಿತ್ತು.

ಟ್ರ್ಯಾಕ್ಟರ್ ಬಂದದ್ದು ದೊಡ್ಡ ಸುದ್ದಿಯಲ್ಲ. ಮೂರು ತಿಂಗಳಿಂದ ಪಾಕೀಟಿಗೊಂದರಂತೆ ಬರುತ್ತಲೇ ಇತ್ತು. ಮಸ್ಕಿಯಿಂದ ಸಿಂಧನೂರಿನವರೆಗೆ ಚಹ ಕುಡಿಯುವ ಯಾವ ಮನೆಯ ಕಿಟಕಿಯಲ್ಲಿ ನೋಡಿದರೂ ಅವೇ ಸಾಲಾಗಿ ನಿಂತಿರುತ್ತಿದ್ದವು. ಆದರೆ ಅವೆಲ್ಲ ಕೆಂಪು. ಇದು ನೀಲಿ!

"ಯವ್ವಾ!" ಎಂದ ವೆಂಕೋಬ. ಬಾಯಲ್ಲಿದ್ದ ಪಾಕೀಟಿನ ತುಂಡು ಹಾರಿ ಹೋಯಿತು.

ಅವನು ಹೌಹಾರಿದ್ದಕ್ಕೆ ಕಾರಣವಿತ್ತು. ಹೆಂಡತಿ ಶಿವಕುಮಾರಿಯ ತಮ್ಮ ಅಂಬಪ್ಪ ಹಿಂದಿನ ದಿನವಷ್ಟೇ ಲಿಂಗಸುಗೂರಿನಿಂದ ಫೋನ್ ಮಾಡಿದ್ದ. ಅಲ್ಲಿ ರಸ್ತೆ ಬದಿಯಲ್ಲಿ ಚಿನ್ನದ ಗಿಣಿಯವರು ದೊಡ್ಡ ಬೋರ್ಡು ಹಾಕಿದ್ದಾರಂತೆ. ಮೇಲೆ ನೀಲಿ ಟ್ರ್ಯಾಕ್ಟರು, ಪಕ್ಕದಲ್ಲಿ ಸ್ಕೂಟಿ. ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತಂತೆ, ಅಷ್ಟರಲ್ಲಿ ಅಂಬಪ್ಪ ಕೂತಿದ್ದ ಬಸ್ಸು ಮುಂದೆ ಹೋಯಿತು. "ಸಣ್ಣ ಅಕ್ಷರ ಯಾರು ಓದ್ತಾರ ಮಾವಾ? ನೀಲಿ ಟ್ರ್ಯಾಕ್ಟರ್ ಸಿಕ್ಕವ್ರಿಗೆ ಸ್ಕೂಟಿ. ಅಷ್ಟ!" ಎಂದು ಅವನೇ ತೀರ್ಪು ಕೊಟ್ಟಿದ್ದ.

ಈ ಸ್ಕೂಟಿ ಅನ್ನುವ ಮಾತು ವೆಂಕೋಬನ ಎದೆಯಲ್ಲಿ ಎರಡು ವರ್ಷದಿಂದ ಮುಳ್ಳಿನಂತೆ ಕೂತಿತ್ತು. ಅವನು ಸಿಂಧನೂರಿನ ಟ್ರ್ಯಾಕ್ಟರ್ ಶೋರೂಮಿನಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ. ಹೊಸ ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕುವುದು, ಕಾಯಿ ಒಡೆಯುವುದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಡುವುದು, ಕೀಲಿ ಕೊಡುವುದು ಅವನ ಕೆಲಸ. "ಪೂಜಿ ಇಲ್ದ ಗಾಡಿ ಬೀದಿಗೆ ಇಳೀಬಾರ್ದು" ಎಂಬುದು ಅವನ ಮಂತ್ರ. ಸುತ್ತ ನಾಲ್ವತ್ತು ಹಳ್ಳಿಯ ಟ್ರ್ಯಾಕ್ಟರುಗಳನ್ನು ಬೀದಿಗಿಳಿಸಿದ ಈ ಮಹಾನುಭಾವನಿಗೆ ಸ್ವಂತಕ್ಕೆ ಒಂದು ಸೈಕಲ್ಲಿನ ಗಂಟೆಯೂ ಇರಲಿಲ್ಲ. ತನ್ನ ಊರು ಜವಳಗೇರಾದಿಂದ ಬಸ್ಸಿಗೆ ಜೋತುಬಿದ್ದೇ ಹೋಗಿಬರುತ್ತಿದ್ದ. ಮಗಳು ಮಮತಾ ಪಿಯುಸಿ ಪಾಸಾದರೆ ಸ್ಕೂಟಿ ಕೊಡಿಸುತ್ತೇನೆ ಎಂದಿದ್ದ. ಅವಳು ಪಾಸಾದಳು, ಡಿಗ್ರಿಯ ಎರಡನೇ ವರ್ಷಕ್ಕೂ ಬಂದಳು, ಸಿಂಧನೂರಿಗೆ ಅದೇ ಬಸ್ಸಿನಲ್ಲಿ ಅಪ್ಪನ ಪಕ್ಕದಲ್ಲೇ ಜೋತುಬಿದ್ದಳು. ಒಂದು ದಿನವೂ ಕೇಳಲಿಲ್ಲ. ಕೇಳಿ ಜಗಳ ಮಾಡಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ವೆಂಕೋಬ ಪಾಕೀಟಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದ. ಸಿದ್ದರಾಮೇಶ ಅನ್ನುವ ಕಂಪನಿಯ ಮನುಷ್ಯ ಎತ್ತಿದ. ನೀಲಿ ಎಂಬ ಮಾತು ಕೇಳಿದ್ದೇ ಅವನು ದನಿ ತಗ್ಗಿಸಿದ.

"ನೀಲಿನಾ? ನಿಮಗೆಲ್ಲಿ ಸಿಕ್ತ್ರಿ ಅದು? ನೋಡ್ರಿ, ಯಾರಿಗೂ ತೋರಿಸಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ. ಹೆಂಗೈತೋ ಹಂಗ ಇಡ್ರಿ. ಸಂಜಿ ನಾಕಕ್ಕ ನಾನ ಬರ್ತೀನಿ."

ಇನ್ನೇನು ಬೇಕು? ವೆಂಕೋಬ ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿದ. ಟ್ರ್ಯಾಕ್ಟರನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟ. "ನಾ ಬರೋತನಕ ಯಾರೂ ಬಾಯಿ ಬಿಡಬ್ಯಾಡ್ರಿ. ಯವ್ವಾ, ನಿನಗ ಹೇಳಾಕತ್ತೀನಿ ನೋಡು" ಎಂದು ತಾಯಿ ಗ್ಯಾನಮ್ಮನಿಗೆ ಬೆರಳು ತೋರಿಸಿದ.

"ನಾ ಯಾರಿಗೆ ಹೇಳಲೋ ಯಪ್ಪಾ? ನನ್ನ ಮಾತು ಯಾರು ಕೇಳ್ತಾರ?" ಎಂದಳು ಗ್ಯಾನಮ್ಮ.

ಅಮಾವಾಸ್ಯೆ ಅಂದರೆ ಶೋರೂಮಿನಲ್ಲಿ ಗಾಡಿ ಪೂಜೆಯ ಸುಗ್ಗಿ. ವೆಂಕೋಬ ಸಿಂಧನೂರಿಗೆ ಹೋಗಿ ಮುಕ್ಕುಂದದವರ ಒಂದು ಟ್ರ್ಯಾಕ್ಟರಿಗೆ ಹಾರ ಹಾಕಿದ, ಪಾಮನಕಲ್ಲೂರಿನವರ ಒಂದಕ್ಕೆ ಕಾಯಿ ಒಡೆದ. ಮನಸ್ಸೆಲ್ಲ ಜೋಳದ ಡಬ್ಬಿಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಚಹ ತಂದುಕೊಟ್ಟವನು, "ಸುದ್ದಿ ಕೇಳೀರೇನ್ರಿ? ನಿಮ್ಮ ಜವಳಗೇರಾದಾಗ ಯಾರಿಗೋ ನೀಲಿ ಟ್ರ್ಯಾಕ್ಟರ್ ಸಿಕ್ಕೈತಂತ. ಭಾರಿ ಪೂಜಿ ನಡದೈತಂತ" ಎಂದ.

"ಪೂಜಿ?" ಎಂದ ವೆಂಕೋಬ. ಬಿಸಿಯಿದ್ದ ಲೋಟ ಕೆಳಗಿಟ್ಟವನೇ ಬಸ್ ಸ್ಟ್ಯಾಂಡಿಗೆ ಓಡಿದ.

ನಡೆದದ್ದಿಷ್ಟು. ಗ್ಯಾನಮ್ಮ ನಿಜವಾಗಿಯೂ ಯಾರಿಗೂ ಹೇಳಿರಲಿಲ್ಲ. ನಲ್ಲಿಯ ಹತ್ತಿರ ಓಣಿಯ ಸಂಗಮ್ಮನಿಗೆ, "ನಮ್ಮ ಮನಿಯಾಗ ಏನೂ ಸಿಕ್ಕಿಲ್ಲಬೇ, ನೀಲಿದಂತೂ ಸಿಕ್ಕೇ ಇಲ್ಲ" ಎಂದಿದ್ದಳು ಅಷ್ಟೇ. ಕೊಡ ತುಂಬುವುದರೊಳಗೆ ಓಣಿಗೆ ಓಣಿಯೇ ಅಂಗಳದಲ್ಲಿತ್ತು. ಬಂದವರ ಮುಂದೆ ಡಬ್ಬಿ ತೆಗೆಯದಿದ್ದರೆ ಮರ್ಯಾದೆ ಉಳಿಯುತ್ತದೆಯೇ? ತೆಗೆದ ಮೇಲೆ ಗ್ಯಾನಮ್ಮನಿಗೆ ಹೊಳೆಯಿತು: ಅಮಾವಾಸ್ಯೆ, ಮನೆಗೆ ಬಂದ ಹೊಸ ಗಾಡಿ, ಸಂಜೆ ಹೊರಗೆ ಹೊರಡುವ ಗಾಡಿ. ಮಗನೇ ಊರಿಗೆಲ್ಲ ಹೇಳುವುದಿಲ್ಲವೇ, ಪೂಜೆ ಇಲ್ಲದ ಗಾಡಿ ಬೀದಿಗಿಳಿಯಬಾರದು ಅಂತ!

ವೆಂಕೋಬ ಬಸ್ಸಿಳಿದು ಏದುಸಿರು ಬಿಡುತ್ತ ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿ. ಜನರನ್ನು ಸರಿಸಿ ಇಣುಕಿದ. ಮಣೆಯ ಮೇಲೆ ಟ್ರ್ಯಾಕ್ಟರ್ ಇತ್ತು ಎಂದು ಹೇಳುವುದು ಕಷ್ಟ. ಚೆಂಡು ಹೂವಿನ ಹಾರದ ಗುಡ್ಡೆ ಕಾಣುತ್ತಿತ್ತು, ಅದರ ನಡುವೆ ಅರಿಶಿನ ಕುಂಕುಮ ಮೆತ್ತಿದ ಒಂದು ಮೂತಿ ಕಾಣುತ್ತಿತ್ತು. ಪಕ್ಕದ ಮನೆಯ ಖಾಜಾಸಾಬ್ ಕನ್ನಡಕ ಮೂಗಿಗಿಳಿಸಿ ಕೂತಿದ್ದ. ಊರ ಟ್ರ್ಯಾಕ್ಟರುಗಳಿಗೆಲ್ಲ ಹೆಸರು ಬರೆಯುವ ಪೇಂಟರ್ ಅವನೇ.

"ಬಾ ವೆಂಕೋಬಣ್ಣ! ಎಂಥಾ ಬಾರೀಕ್ ಕೆಲಸ ಅಂತಿ! ಮೂರೇ ಕೂದ್ಲಿನ ಬ್ರಶ್ಶಿಲೆ ಬರದೀನಿ. 'ತಾಯಿಯ ಆಶೀರ್' ಬಾನೆಟ್ ಮ್ಯಾಲೆ ಹಿಡೀತು. 'ವಾದ' ಜಾಗ ಸಾಲಲಿಲ್ಲ, ಹಿಂದಿನ ಗಾಲಿಗೆ ಬರದೀನಿ. ಗಾಲಿ ತಿರುಗಿದ್ರ ಆಶೀರ್ವಾದ ತಿರುಗ್ತೈತಿ!"

ವೆಂಕೋಬನಿಗೆ ಮಾತು ಹೊರಡುವ ಮೊದಲೇ ಗ್ಯಾನಮ್ಮ ನಾಲ್ಕು ನಿಂಬೆಹಣ್ಣು ಇಟ್ಟು ಅವುಗಳ ಮೇಲೆ ಟ್ರ್ಯಾಕ್ಟರನ್ನು ಕೂರಿಸಿದಳು. ಗಾಲಿಗಿಂತ ನಿಂಬೆಹಣ್ಣೇ ಮೂರು ಪಟ್ಟು ದೊಡ್ಡದು.

"ಲಿಂಬಿಹಣ್ಣು ಬ್ಯಾಡ! ಲಿಂಬಿಹಣ್ಣು ಬ್ಯಾಡಾ!" ಎಂದು ಕಿರುಚುತ್ತ ವೆಂಕೋಬ ಟವೆಲ್ಲು ಬೀಸಿಕೊಂಡು ನುಗ್ಗಿದ. ಹದಿನೆಂಟು ವರ್ಷ ಊರವರಿಗೆಲ್ಲ ನಿಂಬೆಹಣ್ಣು ಇಡಿಸಿದ ಬಾಯಿ ಅದು.

"ಹಣ್ಣು ಒಡೀಲಿಲ್ಲಂದ್ರ ದೃಷ್ಟಿ ಹೋಗಂಗಿಲ್ಲೋ" ಎಂದು ಗ್ಯಾನಮ್ಮ ಹೆಬ್ಬೆರಳಿಂದ ಬಲವಾಗಿ ಒತ್ತಿದಳು. ಹಣ್ಣು ಒಡೆಯಲಿಲ್ಲ. ಲಟಕ್ಕೆಂದು ಮುಂದಿನ ಗಾಲಿ ಕಿತ್ತು, ಅಂಗಳ ದಾಟಿ, ನೆಟ್ಟಗೆ ಚರಂಡಿಗೆ ಹೋಯಿತು. ಅದರ ಹಿಂದೆಯೇ ವೆಂಕೋಬನೂ ಹೋದ. ಮೊಣಕೈವರೆಗೆ ಕೆಸರಿನಲ್ಲಿ ಕೈಯಾಡಿಸಿ ಗಾಲಿ ಹಿಡಿದು ಮೇಲೆದ್ದಾಗ ಎದುರಿಗೆ ಖಾಜಾಸಾಬನ ಮಗಳು ಶಾಹೀಸ್ತಾ ಫೋನ್ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಮಮತಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು.

"ಏನದು? ವಿಡಿಯೋನಾ? ಅಳಿಸಿಬಿಡು!"

"ಬಿಟ್ಟುಬಿಟ್ಟೀವಿ ಕಾಕಾ, ನೆಟ್ಟಿನ್ಯಾಗ. ಲೈವ್ ಇತ್ತು" ಎಂದಳು ಶಾಹೀಸ್ತಾ. "ನಮ್ಮಿಬ್ರ ಹೆಸ್ರೂ ಹಾಕೀವಿ. ಮಮತಾಂದು ಮೊದ್ಲ ಐತಿ."

ವೆಂಕೋಬನ ತಲೆ ಕೆಟ್ಟುಹೋಯಿತು. ಯಾರಿಗೂ ತೋರಿಸಬೇಡ ಅಂದವರು ಇದನ್ನು ನೋಡಿದರೆ ಸ್ಕೂಟಿ ಕೊಡುತ್ತಾರೆಯೇ? "ನನ್ನ ಮಗಳ ಹೆಸ್ರು ತಗಿ ಮೊದ್ಲ! ಈ ಹುಚ್ಚಾಟಕ್ಕೂ ನಮ್ಮ ಮನಿಗೂ ಏನೂ ಸಂಬಂಧ ಇಲ್ಲಂತ ಬರಿ!"

"ಖರೇನ ತಗೀಲೇನು ಕಾಕಾ?" ಎಂದಳು ಶಾಹೀಸ್ತಾ.

"ಅಪ್ಪಾ, ಇರ್ಲಿ ಬಿಡು" ಎಂದಳು ಮಮತಾ.

"ನೀ ಸುಮ್ನಿರು! ನಿನ್ನ ಸಲುವಾಗೇ ಬಡ್ಕೊಳ್ಳಾಕತ್ತೀನಿ ನಾನು."

"ಹಂಗ ಬರೀಲೇನು ಕಾಕಾ?" ಶಾಹೀಸ್ತಾ ಮತ್ತೊಮ್ಮೆ ಕೇಳಿದಳು.

"ಹಂಗ ಬರಿ!"

ಅವಳು ಹಾಗೆಯೇ ಬರೆದಳು.

ನಂತರ ಬಾಗಿಲು ಹಾಕಿಕೊಂಡು ರಿಪೇರಿ ಶುರುವಾಯಿತು. ಖಾಜಾಸಾಬ್ ಥಿನ್ನರ್ ತಂದುಕೊಟ್ಟ. ವೆಂಕೋಬ ಬಟ್ಟೆಗೆ ಹಚ್ಚಿ ಉಜ್ಜಿದ. ಕುಂಕುಮ ಹೋಯಿತು, ತಾಯಿ ಹೋದಳು, ಆಶೀರ್ವಾದವೂ ಹೋಯಿತು. ಹಾಗೆಯೇ ಕಂಪನಿಯ ಹೆಸರೂ ಅರ್ಧ ನೀಲಿಯೂ ಹೋದವು. "ಸಾಕು ಬಿಡೋ, ಇನ್ನ ಸ್ವಲ್ಪ ತಿಕ್ಕಿದ್ರ ಟ್ರ್ಯಾಕ್ಟರ ಇರಂಗಿಲ್ಲ" ಎಂದ ಖಾಜಾಸಾಬ್. ಗಾಲಿಯನ್ನು ಗಟ್ಟಿ ಅಂಟಿನಿಂದ ಮೆತ್ತಿ ವೆಂಕೋಬ ಹೆಬ್ಬೆರಳಿಂದ ನೂರು ಎಣಿಸುವವರೆಗೆ ಒತ್ತಿ ಹಿಡಿದ. ನೂರಾದ ಮೇಲೆ ಕೈ ತೆಗೆಯಲು ನೋಡಿದರೆ ಟ್ರ್ಯಾಕ್ಟರೂ ಕೈಯ ಜೊತೆಗೇ ಬಂತು. ಎಳೆದ. ಕಣ್ಣಲ್ಲಿ ನೀರು ಬಂತೇ ಹೊರತು ಬೆರಳು ಬರಲಿಲ್ಲ. ಥಿನ್ನರ್ ಡಬ್ಬಿಯೂ ಬರಿದಾಗಿತ್ತು.

"ಚಲೋ ಆತು" ಎಂದಳು ಶಿವಕುಮಾರಿ. "ಇನ್ನ ಕಳುವಾಗೂ ಭಯ ಇಲ್ಲ."

ಸರಿಯಾಗಿ ನಾಲ್ಕಕ್ಕೆ ಚಿನ್ನದ ಗಿಣಿಯ ಚಿತ್ರವಿದ್ದ ವ್ಯಾನು ಬಂದು ನಿಂತಿತು. ಅದರ ಮೇಲೆ ರಿಬ್ಬನ್ನು ಕಟ್ಟಿದ ಕೆಂಪು ಸ್ಕೂಟಿ! ಓಣಿಯ ಜನರೆಲ್ಲ ಮತ್ತೆ ಸೇರಿದರು. ವೆಂಕೋಬ ಮುಂದೆ ನುಗ್ಗಿದ. ಇಳಿದು ಬಂದ ಸಿದ್ದರಾಮೇಶನಿಗೆ ಕೈ ಮುಗಿದ. ಮುಗಿದ ಕೈಗಳ ನಡುವೆ ಟ್ರ್ಯಾಕ್ಟರ್ ಇತ್ತು.

"ಹೆಂಗಿತ್ತೋ ಹಂಗ ಇಟ್ಟೀನ್ರಿ" ಎಂದ.

ಸಿದ್ದರಾಮೇಶ ಬೋಳಾದ ಟ್ರ್ಯಾಕ್ಟರನ್ನೂ ಹೆಬ್ಬೆರಳನ್ನೂ ನೋಡಿದ. "ಇರ್ಲಿ ಬಿಡ್ರಿ, ಅದನ್ನ ನೀವ ಇಟ್ಕೊಳ್ರಿ. ಮುಂದಿನ ತಿಂಗಳ ಎಲ್ಲಾ ಪಾಕೀಟಿನ್ಯಾಗೂ ನೀಲೀದ ಬರ್ತೈತಿ. ಒಂದು ಡಬ್ಬ ತಪ್ಪಿ ಮೊದ್ಲ ಬಂದುಬಿಟ್ಟೈತಿ. ಮಂದಿ ಈಗ್ಲೇ ನೀಲೀದ ಬೇಕಂತ ಅಂಗಡಿಗೆ ನುಗ್ಗಬಾರ್ದಂತ ಯಾರಿಗೂ ತೋರಿಸಬ್ಯಾಡ್ರಿ ಅಂದಿದ್ದೆ."

ವೆಂಕೋಬ ಟ್ರ್ಯಾಕ್ಟರ್ ಅಂಟಿದ ಕೈಯಿಂದಲೇ ವ್ಯಾನಿನ ಕಡೆ ತೋರಿಸಿದ. "ಮತ್ತ... ಬೋರ್ಡಿನ್ಯಾಗ ಸ್ಕೂಟಿ ಅಂತ..."

"ಬೋರ್ಡು ಪೂರಾ ಓದಿಲ್ಲೇನ್ರಿ? ನೀಲಿ ಟ್ರ್ಯಾಕ್ಟರ್ ಜೋಡಿ ಚಲೋ ವಿಡಿಯೋ ಮಾಡಿದವ್ರಿಗೆ ಸ್ಕೂಟಿ. ಅದೂ ಮುಂದಿನ ತಿಂಗಳ ಇತ್ತು. ಆದ್ರ ಮಧ್ಯಾಹ್ನದಿಂದ ನಿಮ್ಮೂರಿನ ವಿಡಿಯೋ ಮೂವತ್ತು ಸಾವಿರ ಮಂದಿ ನೋಡ್ಯಾರ್ರಿ! ಇದಕ್ಕಿಂತ ಚಲೋದು ಇನ್ಯಾವುದು ಬರ್ತೈತಿ, ಮೊದಲ್ನೇ ಸ್ಕೂಟಿ ಅವ್ರಿಗೇ ಕೊಟ್ಟು ಬಾ ಅಂದಾರ ನಮ್ಮ ಸಾಹೇಬ್ರು. ಎಲ್ಲಿದ್ದಾಳ್ರಿ ಶಾಹೀಸ್ತಾ ಅನ್ನಾಕಿ?"

ಶಾಹೀಸ್ತಾ ಮುಂದೆ ಬಂದಳು. "ಸರ್, ನಾವಿಬ್ರೂ ಕೂಡೇ ಮಾಡೀವಿ. ಮಮತಾನ ಹೆಸ್ರೂ ಇತ್ತು."

"ಹೆಸ್ರು ಮತ್ತ ಹಾಕಬಹುದಲ್ರೀ? ಈಗ ಹಾಕ್ತಾಳ! ಏ ಶಾಹೀಸ್ತಾ, ಹಾಕಬೇ!" ವೆಂಕೋಬ ಟ್ರ್ಯಾಕ್ಟರ್ ಅಲ್ಲಾಡಿಸುತ್ತ ಗೋಗರೆದ.

ಸಿದ್ದರಾಮೇಶ ಫೋನ್ ತೆಗೆದು ಜೋರಾಗಿ ಓದಿದ: "'ಈ ಹುಚ್ಚಾಟಕ್ಕೂ ವೆಂಕೋಬ ಕಾಕಾನ ಮನೆಗೂ ಏನೂ ಸಂಬಂಧವಿಲ್ಲ.' ಮೂವತ್ತು ಸಾವಿರ ಮಂದಿ ಓದ್ಯಾರ್ರಿ ಇದನ್ನ. ಇನ್ನ ಹೆಂಗ ಸಂಬಂಧ ಹಚ್ಚೂದು? ಅಂದಂಗ, ಟವೆಲ್ ಬೀಸ್ಕೊಂಡು ಚರಂಡಿಗೆ ಬೀಳೋ ಮನುಷ್ಯಾ ನೀವ ಅಲ್ಲೇನ್ರಿ? ನಿಮ್ಮ ಮುಖ ತೋರಿಸಾಕ ಅಭ್ಯಂತರ ಇಲ್ಲಂತ ಇಲ್ಲೊಂದು ಸಹಿ ಹಾಕ್ರಿ."

ಸಹಿ ಮಾಡುವ ಕೈಯಲ್ಲಿ ಟ್ರ್ಯಾಕ್ಟರ್ ಇತ್ತು. ವೆಂಕೋಬ ಎಡಗೈಯ ಹೆಬ್ಬೆಟ್ಟು ಒತ್ತಿದ. ಅದಕ್ಕೆ ಬದಲಾಗಿ ಅರ್ಧ ಕಿಲೋ ಚಹಾಪುಡಿ ಸಿಕ್ಕಿತು.

ಸ್ಕೂಟಿ ಕೆಳಗಿಳಿಯಿತು. ಖಾಜಾಸಾಬ್ ಸಂಕೋಚದಿಂದ ವೆಂಕೋಬನ ಭುಜ ಹಿಡಿದ. "ಕೆಟ್ಟ ಅನ್ಕೋಬ್ಯಾಡ ಅಣ್ಣಾ. ಮಮತಾನೂ ನನ್ನ ಮಗಳ. ನಾಳಿಯಿಂದ ಇಬ್ರೂ ಕೂಡೇ ಕಾಲೇಜಿಗೆ ಹೋಗ್ಲಿ. ಆದ್ರ ಗಾಡಿ ಪೂಜಿ ನಿನ್ನ ಕೈಲೇ ಆಗಬೇಕು. ಪೂಜಿ ಇಲ್ದ ಗಾಡಿ ಬೀದಿಗೆ ಇಳೀಬಾರ್ದಲ್ಲ?"

ತನ್ನದೇ ಮಂತ್ರ, ತನಗೇ ತಿರುಮಂತ್ರ. ವೆಂಕೋಬ ಮಧ್ಯಾಹ್ನದ ನಾಲ್ಕು ನಿಂಬೆಹಣ್ಣುಗಳಲ್ಲಿ ಎರಡನ್ನು ಎಡಗೈಯಿಂದ ಆರಿಸಿ ಗಾಲಿಗಳ ಕೆಳಗಿಟ್ಟ. ಶಾಹೀಸ್ತಾ ಹ್ಯಾಂಡಲ್ ಹಿಡಿದಳು, ಮಮತಾ ಹಿಂದೆ ಹತ್ತಿ ಕೂತಳು. ಅವಳ ಮುಖದಲ್ಲಿ ಇಷ್ಟು ದೊಡ್ಡ ನಗುವನ್ನು ಅವನು ಎರಡು ವರ್ಷದಿಂದ ನೋಡಿರಲಿಲ್ಲ. ಅವನಿಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ನಾಳೆಯಿಂದ ಬಸ್ಸಿಗೆ ತಾನೊಬ್ಬನೇ ಜೋತುಬೀಳಬೇಕು ಎಂದೂ ನೆನಪಾಯಿತು. ಹಣ್ಣು ಎರಡೂ ಚಟ್ ಚಟ್ ಎಂದು ಒಡೆದವು. ಸ್ಕೂಟಿ ಕಾಲುವೆಯ ರಸ್ತೆ ಹಿಡಿಯಿತು.

ಗ್ಯಾನಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವವರೆಗೆ ನೋಡಿದಳು.

"ನೋಡಿದ್ಯಾ, ನಾ ಮಾಡಿದ ಪೂಜಿ ಹೆಂಗ ಫಲ ಕೊಡ್ತು?"

"ನಮಗೆಲ್ಲಿ ಕೊಡ್ತುಬೇ? ಮಗ್ಗಲ ಮನಿಗೆ ಕೊಡ್ತು!"

"ದೇವ್ರು ನಮ್ಮನಿಗೇ ಬಂದಿದ್ದ. ಯಾರ ಹೆಸ್ರಿಗೆ ಕೊಡ್ಲಿ ಅಂತ ಎರಡು ಸಲ ಕೇಳಿದ" ಎಂದಳು ಗ್ಯಾನಮ್ಮ. "ನಮ್ಮ ಹೆಸ್ರು ಬ್ಯಾಡಂತ ಅಂಗಳದಾಗ ನಿಂತು ಚೀರಿದಾಂವ ನೀನ."