ಅತ್ತೆಯ ಹೋಳಿಗೆಗೊಂದು ಇಂಗ್ಲಿಷ್ ಮಾತು

"ನೋಡ ಬೇ ವಿಜಯಾ, ಈ ಸಲ ನಿಮ್ಮವ್ವನ್ನ ಒಂದೇ ಮಾತಿನ್ಯಾಗ ಗೆಲ್ತೇನಿ!"

ಆಳಂದದಿಂದ ಹೊರಟ ಬಸ್ಸಿನಲ್ಲಿ ಕಲ್ಲಿನಾಥ ಹೀಗೆ ಎದೆಯುಬ್ಬಿಸಿ ಘೋಷಿಸಿದಾಗ ಕಂಡಕ್ಟರನೂ ತಿರುಗಿ ನೋಡಿದ. ಕಲ್ಲಿನಾಥ ಕಾಲೇಜೊಂದರ ಗ್ರಂಥಪಾಲಕ. ಒಂದು ಶಬ್ದ ಸಿಕ್ಕರೆ ಅದರ ಅಜ್ಜ ಮುತ್ತಜ್ಜರ ಹೆಸರು ಕೇಳದೆ ಬಿಡುವ ಪೈಕಿಯವನಲ್ಲ! ಹೋದ ಸಲ ಅತನೂರಿನ ಅತ್ತೆಮನೆಯಲ್ಲಿ ಪೇಪರ್ ಓದುತ್ತ ಎರಡು ಹೋಳಿಗೆ ತಿಂದು, ತುಟಿ ಪಿಟ್ಟೆನ್ನದೆ ಕೈ ತೊಳೆದಿದ್ದ. ಅತ್ತೆ ಸಾಬವ್ವ ವಾರಗಟ್ಟಲೆ ಕೊರಗಿದ್ದಳು.

"ಈ ಸಲ ಅವ್ವನ ಅಡಗಿ ಬಾಯ್ತುಂಬ ಹೊಗಳಲಿಲ್ಲಂದ್ರ ನಾ ಪಂಚಮಿ ತನಕ ತವರುಮನ್ಯಾಗೇ ಇರ್ತೇನಿ. ನಿಮ್ಮ ರೊಟ್ಟಿ ನೀವೇ ಬಡ್ಕೋರಿ!" ಎಂದು ಹೆಂಡತಿ ವಿಜಯಶ್ರೀ ಆಗಲೇ ತೀರ್ಪು ಕೊಟ್ಟಾಗಿತ್ತು. ಕಲ್ಲಿನಾಥ ಬಡಿದ ರೊಟ್ಟಿಯನ್ನು ಎಮ್ಮೆ ಕೂಡ ಮೂಸಿ ಬಿಟ್ಟಿದ್ದುಂಟು. ಪಂಚಮಿಗೆ ಇನ್ನೂ ಎರಡು ತಿಂಗಳು!

ಮಧ್ಯಾಹ್ನ ತಟ್ಟೆಗೆ ಬಿಸಿ ಹೋಳಿಗೆ ಬಿತ್ತು, ಮೇಲೆ ತುಪ್ಪ ಸುರಿಯಿತು. ಸಾಬವ್ವ ಸೆರಗು ಹಿಡಿದು ಬಾಗಿಲಲ್ಲಿ ನಿಂತಳು. ಕಲ್ಲಿನಾಥ ಗಂಟಲು ಸರಿಮಾಡಿಕೊಂಡು ಬ್ರಹ್ಮಾಸ್ತ್ರ ಬಿಟ್ಟ.

"ಸ್ಕ್ರಂಪ್ಷಸ್!"

"ಏನಂದ್ರಿ ಅಳಿಯಂದ್ರ? ಬೆಲ್ಲ ಕಮ್ಮಿ ಆಗ್ಯಾದೇನ್ರಿ?"

"ಛೇ ಛೇ! ಭಾಳ ರುಚಿ ಅಂತ್ರಿ ಅತ್ತಿಯವರ!"

"ರುಚಿಗಿ ಇಷ್ಟುದ್ದ ಹೆಸರ್ಯಾಕ್ರಿ? ಎಲ್ಲಿಂದ ಬಂತದು?"

ಅಯ್ಯೋ, ಯಾರಾದರೂ ಕಲ್ಲಿನಾಥನಿಗೆ ಹೀಗೆ ಕೇಳುವುದುಂಟೇ! ಅವನು ತಟ್ಟೆ ಬಿಟ್ಟು ಮೊಬೈಲ್ ತೆಗೆದ. ಕಣ್ಣು ಅರಳಿದವು.

"ಮೊದಲು ಇದನ್ನ ಊಟಕ್ಕ ಅಂತಿದ್ದಿಲ್ಲಂತ್ರಿ! ಠಾಕಠೀಕ ಇದ್ದವರಿಗಿ, ಚಂದದ ಅರಿವಿ-ಬಟ್ಟಿಗಿ ಅಂತಿದ್ರಂತ!"

"ಅರಿವಿಗಿ?" ಸಾಬವ್ವನ ಮುಖ ಸಣ್ಣದಾಯಿತು. "ನನ್ನ ಹೋಳಿಗಿ ಅರಿವಿ ಹಂಗ ಜಗ್ಗಾಕತ್ತಾವೇನ್ರಿ?"

ವಿಜಯಶ್ರೀ ತೊಡೆ ಚಿವುಟಿದಳು. ಅವನಿಗೆಲ್ಲಿಯ ಪರಿವೆ!

"ತಡೀ ಬೇ, ಬೇರು ಇನ್ನೂ ಆಳಕ್ಕ ಅದ! 'ಸಂಪ್ಚುಯಸ್' ಅನ್ನೋ ಶಬ್ದ ತಿರುಚಿ ಇದಾಗಿರಬೇಕಂತ. ಅದು ಲ್ಯಾಟಿನ್ನಿಂದ ಬಂದದ್ದು. ಅಲ್ಲಿ ಅದರ ಮೂಲ ಏನು ಹೇಳ್ರಿ? ಖರ್ಚು!"

"ಖರ್ಚು!" ಸಾಬವ್ವ ಧೊಪ್ಪನೆ ಕುಳಿತಳು. "ಕೇಳಿದೇನವ್ವ? ನಾ ತುಪ್ಪ ಭಾಳ ಸುರೀತೇನಂತ ನಿನ್ನ ಗಂಡಗ ಕಣ್ಣು ಕುಕ್ಕಾಕತ್ತಾದ!" ತುಪ್ಪದ ಗಿಂಡಿ ಸೀದಾ ಒಳಗೆ ಹೋಯಿತು.

"ಪಂಚಮಿ ತನಕ ನಾ ಇಲ್ಲೇ," ಎಂದಳು ವಿಜಯಶ್ರೀ.

ಕಲ್ಲಿನಾಥ ಗಡಬಡಿಸಿ ಅತ್ತೆಯತ್ತ ತಿರುಗಿದ. "ಅಲ್ರಿ ಅತ್ತಿಯವರ, ಬಸವಣ್ಣನಾಣಿ! ರುಚಿ ಅದ ಅಂತಲೇ ಅಂದೇನಿ!"

"ರುಚಿ ನಿಮಗ ಹೆಂಗ ತಿಳೀತ್ರಿ?" ಎಂದು ಸಾಬವ್ವ ತಟ್ಟೆಯತ್ತ ಬೆರಳು ಮಾಡಿದಳು.

ಹೋಳಿಗೆ ಇಡಿಯಾಗಿಯೇ ಇತ್ತು. ಒಂದು ಚೂರೂ ಮುರಿದಿರಲಿಲ್ಲ. ತುಪ್ಪ ಹರಿದು ತಟ್ಟೆಯ ಅಂಚಿಗೆ ನಿಂತಿತ್ತು.

ನಾಚಿಕೆಯಿಂದ ಕಿವಿ ಕೆಂಪಾಗಿ ಕಲ್ಲಿನಾಥ ಒಂದು ತುಂಡು ಮುರಿದು ಬಾಯಿಗಿಟ್ಟ. ಆಹಾ! ಹೂರಣ ನಾಲಿಗೆಯ ಮೇಲೆ ಕರಗಿತು, ಹಿಂದೆಯೇ ಏಲಕ್ಕಿ ಘಮ್ಮೆಂದಿತು. ಎರಡನೆಯ ತುಂಡಿಗೆ ಕೈ ಹಾಕುವ ಭರದಲ್ಲಿ ಮೊಬೈಲ್ ಜಾರಿ ಕಟ್ಟಿನ ಸಾರಿನ ಬಟ್ಟಲಿಗೆ ಬುಳುಕ್ಕನೆ ಬಿತ್ತು.

"ರೀ, ಮೊಬೈಲ್! ಸಾರಿನ್ಯಾಗ ಬಿತ್ರಿ!"

ಕಲ್ಲಿನಾಥ ಅತ್ತ ನೋಡಲೂ ಇಲ್ಲ. ತುಂಬಿದ ಬಾಯಲ್ಲಿ "ಊಂ ಊಂ" ಎನ್ನುತ್ತ ಖಾಲಿ ತಟ್ಟೆಯನ್ನು ಅತ್ತೆಯ ಮುಂದೆ ಚಾಚಿದ. ಇನ್ನೊಂದು ಬಿತ್ತು. ಮತ್ತೆ ಚಾಚಿದ!

ತುಪ್ಪದ ಗಿಂಡಿ ಹೊರಗೆ ಬಂತು. ಸಾಬವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡು ಹೇಳಿದಳು:

"ವಿಜಯಾ, ಚೀಲ ತುಂಬ್ಕೋ, ಗಂಡನ ಕೂಡ ಹೋಗು. ಆ ಇಂಗ್ಲಿಷ್ ಮಾತಿನ ಅರ್ಥ ನನಗ ಈಗ ತಿಳೀತು. ಅದು ತಿನ್ನೋಕಿಂತ ಮೊದಲು ಅನ್ನೋ ಮಾತು. ತಿಂದವರು ಯಾರೂ ಅನ್ನೋದಿಲ್ಲ!"