ಈ ಬಸ್ಸಿಗೆ ಟಿಕೆಟ್ ಯಾರು ತಗೋಬೇಕು?

ಆದೋನಿಯಿಂದ ಹಳ್ಳಿಗಳ ಕಡೆ ಓಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಊರಿನವರಿಗೆಲ್ಲ ಕಂಡಕ್ಟ್ರಕ್ಕ. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನನ್ನ ಬಾಯಿಗೆ ಸ್ವಲ್ಪ ಬಿಡುವು ಸಿಗುತ್ತದೆ ಅಂದುಕೊಂಡಿದ್ದೆ. ಎಲ್ಲಿಯ ಬಿಡುವು! "ಇದರ ದುಡ್ಡು ಯಾರು ಕೊಡಬೇಕು?" ಅನ್ನೋ ಜಗಳವನ್ನು ದಿನಾ ಯಾರಾದರೂ ಹತ್ತಿಸಿಕೊಂಡೇ ಬರುತ್ತಾರೆ. ಆ ಜಗಳಕ್ಕೆ ಮಾತ್ರ ಟಿಕೆಟ್ ಇಲ್ಲ.

ಸೀರೆಯ ಪ್ರಯಾಣ

ಒಬ್ಬ ಗಂಡಸು ಆಧಾರ್ ಕಾರ್ಡು ಚಾಚಿ, "ಫ್ರೀ ಟಿಕೆಟ್ ಕೊಡಕ್ಕಾ" ಅಂದ. ಕಾರ್ಡಿನಲ್ಲಿ ಹೆಂಗಸಿನ ಫೋಟೋ.

"ಇದ್ಯಾರು?"

"ನನ್ನ ಹೆಂಡ್ತಿ. ಆಕಿ ಬರೋಳಿದ್ಲು, ರೊಟ್ಟಿ ಬಡಿಯಾಕ ಕುಂತಾಳ."

"ಹಂಗಾರ ನೀನು ಟಿಕೆಟ್ ತಗೋಬೇಕು."

ಅವನು ಚೀಲದಿಂದ ಒಂದು ಹಳದಿ ಸೀರೆ ತೆಗೆದ. "ಈ ಬಣ್ಣ ಒಲ್ಲೆ ಅಂದ್ಲು. ಬದಲಿ ಮಾಡ್ಕೊಂಡು ಬಾ ಅಂತ ಕಳಿಸ್ಯಾಳ. ಸೀರಿ ಆಕಿದು, ಕೆಲಸ ಆಕಿದು, ಅಂದಮ್ಯಾಲ ಪ್ರಯಾಣನೂ ಆಕಿದೇ. ಕಾಲಷ್ಟೇ ನಂದು."

"ಆತು, ಕಾಲಿಗಷ್ಟೇ ಟಿಕೆಟ್ ತಗೋ."

ಅವನ ಮುಖ ಅರಳಿತು. "ಕಾಲಿಗಷ್ಟೇ ಅಂದ್ರ ಹಾಫ್ ಟಿಕೆಟ್ ಅಲ್ಲೇನಕ್ಕಾ?"

ಸೊಸೆಯ ರಾಜ್ಯ

ಹಾಲಹರವಿಯಲ್ಲಿ ಅತ್ತೆ ಸೊಸೆ ಹತ್ತಿದರು. ಅತ್ತೆಗೆ ಫ್ರೀ. ಸೊಸೆಯದು ರಾಜ್ಯದ ಗಡಿಯಾಚೆ ಬಳ್ಳಾರಿ ಕಡೆಯ ತವರು. ಕಾರ್ಡಿನಲ್ಲಿ ಇನ್ನೂ ಅಲ್ಲಿಯ ವಿಳಾಸವೇ. ನಮ್ಮ ಬಸ್ಸಿನಲ್ಲಿ ನಮ್ಮ ರಾಜ್ಯದ ಕಾರ್ಡಿದ್ದವರಿಗಷ್ಟೇ ಫ್ರೀ, ಅವಳಿಗೆ ದುಡ್ಡಿನ ಟಿಕೆಟ್ ಕೊಟ್ಟೆ. ಅತ್ತೆ ಸೊಂಟದ ಚೀಲ ಬಿಚ್ಚುತ್ತಾ ಸಿಡುಕಿದಳು:

"ಮದುವಿ ಆಗಿ ಎಷ್ಟು ದಿನ ಆತು! ಅಡ್ರೆಸ್ ಬದಲಿ ಮಾಡ್ಸು ಅಂದ್ರ ಕೇಳಂಗಿಲ್ಲ ನೋಡವ್ವಾ."

"ನಾ ಮದುವಿ ಆಗಿದ್ದು ನಿಮ್ಮ ಮಗನ್ನ, ನಿಮ್ಮ ರಾಜ್ಯಾನ ಅಲ್ರಿ ಅತ್ತಿ" ಅಂದಳು ಸೊಸೆ. "ಬದಲಿ ಮಾಡಿಸಿದ್ರ ಆ ಕಡೆ ಬಸ್ಸಿನಾಗ ತವರಿಗೆ ಫ್ರೀ ಹೋಗೋದು ತಪ್ಪತೈತಿ."

ಅತ್ತೆ ನನ್ನ ಕಡೆ ತಿರುಗಿದಳು. "ಕೇಳಿದ್ಯಾ? ಅದಕ್ಕೇ ಬದಲಿ ಮಾಡ್ಸು ಅಂತೀನಿ!"

ತಗ್ಗು ತೋರಿಸಿದ ಕೂಲಿ

ಒಂದು ಹಳ್ಳಿಗೆ ಹೋಗುವ ಟ್ರಿಪ್ಪಿನಲ್ಲಿ ಜನ ಕಡಿಮೆ, ಬಸ್ ನಿಲ್ಲಿಸುತ್ತಾರಂತೆ ಅಂತ ಸುದ್ದಿ ಬಂತು. ಊರವರೇ ಸ್ವಲ್ಪ ಸ್ವಲ್ಪ ಹಾಕಿ ಬಸ್ಸು ಉಳಿಸಿಕೊಳ್ಳೋಣ ಅಂತ ಕಟ್ಟೆಯ ಮೇಲೆ ಮಾತು ನಡೆಯಿತು. ಹತ್ತಿ ವ್ಯಾಪಾರದ ಸಾಹುಕಾರರು ಒಪ್ಪಲಿಲ್ಲ.

"ನನಗ ಕಾರೈತಿ. ನಾ ಬಸ್ ಹತ್ತಂಗೇ ಇಲ್ಲ. ನಾನ್ಯಾಕ ಕೊಡ್ಲಿ?"

ಕಟ್ಟೆಯ ಪಕ್ಕ ಬಸ್ಸು ನಿಲ್ಲಿಸಿದ್ದ ನಮ್ಮ ಡ್ರೈವರ್ ಸ್ಟೇರಿಂಗ್ ಹಿಡಿದೇ ತಲೆ ಹೊರಗೆ ಹಾಕಿದ. "ಸಾಹುಕಾರ್ರೇ, ದಿನಾ ನಮ್ಮ ಬಸ್ಸಿನ ಹಿಂದ ಹಿಂದ ಬರ್ತೀರಲ್ಲ. ತಗ್ಗು ಎಲ್ಲೈತಿ ಅಂತ ನಿಮಗ ಗೊತ್ತಾಗೋದು ನಾವು ಬಿದ್ದ ಮ್ಯಾಲೇ ಅಲ್ಲೇನ್ರಿ?"

 ಮಾರನೇ ದಿನದಿಂದ ಸಾಹುಕಾರರ ಕಾರು ಮುಂದೆ, ನಾವು ಹಿಂದೆ. ನಮ್ಮ ಬಸ್ಸು ಅಷ್ಟು ಮೆತ್ತಗೆ ಓಡಿದ್ದು ಅದೇ ಮೊದಲು. ಎರಡೇ ವಾರಕ್ಕೆ ಅವರ ಕಾರು ಗ್ಯಾರೇಜಿಗೆ ಹೋಯಿತು.

ಜನ ನೋಡಾಕ ಬಂದವ

ದುಡ್ಡು ಕೂಡಲಿಲ್ಲ. ಅಷ್ಟರಲ್ಲಿ, ಬಸ್ಸಿಗೆ ಎಷ್ಟು ಜನ ಹತ್ತುತ್ತಾರೆ ಅಂತ ನೋಡಲು ಅಧಿಕಾರಿಯೊಬ್ಬರು ಬರುತ್ತಾರೆ ಅನ್ನೋ ಸುದ್ದಿ ಹಬ್ಬಿತು. ಆ ಬೆಳಿಗ್ಗೆ ಬಸ್ಸು ಊರೊಳಗೆ ತಿರುಗಿತೋ ಇಲ್ಲವೋ, ಇಡೀ ಊರೇ ನುಗ್ಗಿತು. ಅಂಗಡಿಯವ ಬಾಗಿಲು ಹಾಕಿ ಬಂದ. ಕ್ಷೌರಕ್ಕೆ ಕೂತಿದ್ದವನು ಅರ್ಧ ಗಡ್ಡದಲ್ಲೇ ಬಂದ, ಅವನ ಹಿಂದೆ ಕತ್ತಿ ಹಿಡಿದು ಕ್ಷೌರದವನೂ ಬಂದ. ಗಂಡಸರೆಲ್ಲ ಟಿಕೆಟ್ ಕೇಳಿ ಕೇಳಿ ತಗೊಂಡರು. ಎಲ್ಲಿಗೆ ಅಂದರೆ, "ಎಲ್ಲಿಗಾದ್ರೂ ಕೊಡಕ್ಕಾ!"

ಫುಟ್‌ಬೋರ್ಡಿನ ಕೆಳಗೆ ಶರ್ಟು ಇನ್ ಮಾಡಿದವರೊಬ್ಬರು ಫೈಲು ಹಿಡಿದು, "ನಾನೂ ಬರಬೇಕು, ಜಾಗ ಬಿಡ್ರಿ" ಅನ್ನುತ್ತಿದ್ದರು. ಒಳಗಿನಿಂದ ಹತ್ತು ಬಾಯಿ ಕೂಗಿದವು: "ಜಾಗ ಇಲ್ರೀ! ಹಿಂದಿನ ಬಸ್ಸಿಗೆ ಬರ್ರಿ!" ಯಾರೋ ರೈಟ್ ರೈಟ್ ಅಂದರು, ಬಸ್ಸು ಹೊರಟೇಬಿಟ್ಟಿತು. ಆ ಊರಿಗೆ ಹಿಂದಿನ ಬಸ್ಸು ಅಂತ ಒಂದಿಲ್ಲ.

ಜನ ನೋಡಲು ಬಂದಿದ್ದ ಅಧಿಕಾರಿ ಅವರೇ. ತಂದು ಬಿಟ್ಟ ಜೀಪು ಆಗಲೇ ವಾಪಸ್ ಹೋಗಿತ್ತು. ಮುಂದಿನದನ್ನು ಆಮೇಲೆ ಅವರೇ ಹೇಳಿದರು. ಊರೆಲ್ಲ ಸುತ್ತಿದರೂ ನೀರು ಕೊಡುವವರಿಲ್ಲ. ಕಡೆಗೆ ಒಂದು ಮನೆಯ ಮುಂದೆ ಮುದುಕಿ ಸಿಕ್ಕಳಂತೆ.

"ಊರಾಗ ಯಾರೂ ಇಲ್ಲೇನಜ್ಜಿ?"

"ಎಲ್ಲಾರೂ ಬಸ್ಸಿನಾಗ ಹೋಗ್ಯಾರಪ್ಪ. ಬಸ್ಸಿಗೆ ಜನ ಇಲ್ಲ ಅಂತ ನೋಡಾಕ ಯಾವನೋ ಬರ್ತಾನಂತ, ಅವನಿಗೆ ತೋರ್ಸಾಕ." ಚೊಂಬು ಕೈಗೆ ಕೊಟ್ಟು ಕೇಳಿದಳಂತೆ, "ಬರೋ ದಾರ್‍ಯಾಗ ನೀನೇನರ ಕಂಡ್ಯಾ ಅವನ್ನ?"

ಬಸ್ಸು ಆದೋನಿ ಮುಟ್ಟುವ ಹೊತ್ತಿಗೆ ನನ್ನ ಫೋನ್ ರಿಂಗಾಯಿತು. ಡಿಪೋದಿಂದ ನನ್ನ ನಂಬರ್ ತಗೊಂಡಿದ್ದರಂತೆ.

"ನೋಡಮ್ಮಾ, ಆ ಬಸ್ಸು ನಿಲ್ಲಿಸಂಗಿಲ್ಲ ಅಂತ ಈಗಲೇ ಬರೀತೀನಿ" ಅಂದರು ಸಾಹೇಬರು. "ಮೊದಲು ನನ್ನ ಕರ್ಕೊಂಡು ಹೋಗಾಕ ಅದನ್ನ ವಾಪಸ್ ಕಳಿಸು!"